ಜಾವಾ ಹಳ್ಳೀಲಿ ಒಂದು ಗುಂಟೆ ಜಾಗಾನೂ ಕೊಳ್ಳದೆ, ಮೇಕೆ ಪಾಲಿಗೆ ಬಿಟ್ಟು ದುಡ್ಡು ಮಾಡಿದ್ದು – ನನ್ನ ಅನುಭವ

ಜಾಗ ತಗೊಳ್ದೆ ಇಂಡೋನೇಷ್ಯಾದಲ್ಲಿ ಎಂಥ ಇನ್ವೆಸ್ಟ್‌ಮೆಂಟ್, ಮೇಕೆಗೆ ಹಾಕಿದ ದುಡ್ಡು ಹೊಳೇಗೆ ಹಾಕಿದ್ದೂ ಒಂದೇ ಅಂತ ಬೆಂಗಳೂರಿನ ಸ್ನೇಹಿತರೂ ಹೇಳಿದ್ರು, ಯೋಗ್ಯಕರ್ತದಲ್ಲಿರೋ ನಮ್ಮ ಇಂಡಿಯನ್ಸೂ ಹೇಳಿದ್ರು, ಅಷ್ಟೇ ಯಾಕೆ ನನ್ನ ಮಾವನೋರೂ ತಲೆ ಅಲ್ಲಾಡಿಸಿದ್ರು. ಕಳೆದ ಎರಡು ಬಕ್ರೀದಿನ ಲೆಕ್ಕ ಕಣ್ಣಾರೆ ನೋಡಿದ್ಮೇಲೆ ಅದೇ ಮಾವನೋರು ಈಗ ನನ್ನ ನಾಲ್ಕು ಮೇಕೆ ಪಾಲಿಗೆ ತಗೊಂಡು ಸಾಕ್ತಿದಾರೆ. ಅದಕ್ಕೇ ಧೈರ್ಯವಾಗಿ ಬರೀತಿದೀನಿ.

ನಾವಿರೋದು ಮಧ್ಯ ಜಾವಾದ ಪುರ್ವೊರೆಜೊ ಜಿಲ್ಲೆ, ಕಾಲಿಗೆಸಿಂಗ್ ಕಡೆ, ಮೆನೊರೆ ಗುಡ್ಡದ ಮೇಲೆ. ಹೆಂಡತಿ ಊರು. ಕಿತಾಸ್, ಅಂದ್ರೆ ವಿದೇಶಿಯರು ಇಲ್ಲಿ ಇರೋಕೆ ಬೇಕಾದ ಪರ್ಮಿಟ್, ಅದರ ವಿಷಯ ಉದ್ದ ಎಳೆಯಲ್ಲ. ಒಂದೇ ಮಾತು ಹೇಳ್ತೀನಿ, ಇಲ್ಲಿನವರನ್ನ ಮದುವೆಯಾಗಿ ಆ ಆಧಾರದ ಮೇಲೆ ಇರೋರಿಗೆ 2011ರ ಇಮಿಗ್ರೇಷನ್ ಕಾನೂನಿನ 61ನೇ ಕಲಂ ಸಂಸಾರ ಸಾಕೋ ಮಟ್ಟಿಗೆ ದುಡಿಯೋಕೆ ಬಿಡುತ್ತೆ, ಟೂರಿಸ್ಟ್ ವೀಸಾದಲ್ಲಿ ಬಂದು ನಾನು ಮಾಡಿದ್ದನ್ನ ಮಾಡೋಕೆ ಹೋಗ್ಬೇಡಿ.

ಜಾಗ ಯಾಕೆ ಬೇಡ ಅಂದೆ ಅಂದ್ರೆ, ಹಕ್ ಮಿಲಿಕ್, ಅಂದ್ರೆ ಜಾಗದ ಪೂರ್ತಿ ಒಡೆತನ, ವಿದೇಶಿಯರಾದ ನಮ್ಮ ಹೆಸರಿಗೆ ಬರೋದೇ ಇಲ್ಲ, 1960ರ ಭೂಮಿ ಕಾನೂನು ಅದು. ಆದ್ರೂ ಜನ ಡ್ರೈವರ್ ಹೆಸರಲ್ಲಿ, ಗೆಳೆಯನ ಹೆಸರಲ್ಲಿ ತಗೋತಾರೆ. ಅದೇ ಕಾನೂನಿನ 26ನೇ ಕಲಂ ಓದಿ ನೋಡಿ, ಸುತ್ತು ಬಳಸಿ ವಿದೇಶಿಗೆ ಜಾಗ ದಾಟಿಸಿದ್ರೆ ವ್ಯವಹಾರಾನೇ ರದ್ದು, ಜಾಗ ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳೋ ಹಾಗಿಲ್ಲ. ನನಗೆ ಪರಿಚಯದ ಒಬ್ಬರು ಹಿಂಗೇ ಮುನ್ನೂರು ಜೂತಾ ಹತ್ರ ಕಳ್ಕೊಂಡ್ರು, ಒಂದು ಜೂತಾ ಅಂದ್ರೆ ಹತ್ತು ಲಕ್ಷ ರುಪಿಯಾ, ನಮ್ಮ ಐದು ಸಾವಿರದ ಚಿಲ್ಲರೆ ರೂಪಾಯಿ, ನೀವೇ ಲೆಕ್ಕ ಹಾಕ್ಕೊಳಿ. ಪಿಎಂಎ, ಅಂದ್ರೆ ವಿದೇಶಿ ಬಂಡವಾಳದ ಕಂಪನಿ ಮಾಡೋಣ ಅಂದ್ರೆ ಹತ್ತು ಮಿಲಿಯಾರ್, ಅಂದ್ರೆ ಹತ್ತು ಸಾವಿರ ಜೂತಾ ಮೇಲೆ ಹೂಡಿಕೆ ತೋರಿಸಬೇಕು, ಮೇಕೆ ಸಾಕೋರಿಗೆ ಅದ್ಯಾಕೆ. ಹೆಂಡತಿ ಹೆಸರಲ್ಲಿ ತಗೊಂಡ್ರೂ ಆಸ್ತಿ ಬೇರ್ಪಡಿಸೋ ಕರಾರು ಇರಲೇಬೇಕು. ಮದುವೆ ಆದ್ಮೇಲೂ ಆ ಕರಾರು ಮಾಡ್ಕೋಬಹುದು ಅಂತ 2016ರಲ್ಲಿ ಇಲ್ಲಿನ ಸಂವಿಧಾನ ಕೋರ್ಟ್ ಹೇಳ್ತಲ್ಲ, ನಾವು ಅದನ್ನ ನೋಟರಿ ಹತ್ರ ಮಾಡಿಸಿದೀವಿ, ಆದ್ರೂ ಜಾಗಕ್ಕೆ ಕೈ ಹಾಕಿಲ್ಲ.

ಮೊದಲು ಕೈ ಸುಟ್ಟಿದ್ದು ಸೆಂಗೊನ್ ಮರದಲ್ಲಿ. ಐದಾರು ವರ್ಷಕ್ಕೆ ಕಟಾವು, ಪ್ಲೈವುಡ್‌ನೋರು ಮನೆ ಬಾಗಿಲಿಗೇ ಬರ್ತಾರೆ ಅಂತ ಊರೆಲ್ಲ ಹೇಳ್ತಿತ್ತು, ಬಾಡಿಗೆ ಜಮೀನಲ್ಲಿ ಒಂದು ಆರುನೂರು ಗಿಡ ಹಾಕಿಸಿದ್ವಿ. ಎರಡನೇ ಮಳೆಗಾಲಕ್ಕೆ ಕಾಂಡದಲ್ಲಿ ಕಂದು ಗಂಟು ಬಂತು, ಕರತ್ ತುಮೊರ್ ಅಂತಾರೆ, ಶಿಲೀಂಧ್ರದ ರೋಗ, ಎತ್ತರದ ಜಾಗದಲ್ಲಿ ಮಂಜು ಜಾಸ್ತಿ ಇರೋದ್ರಿಂದ ಹತ್ತಿದ್ರೆ ಬಿಡಲ್ಲ. ಹದಿನೈದು ಜೂತಾ ಸೌದೆ ಆಯ್ತು.

ಆಮೇಲೆ 2022. ಬಕ್ರೀದಿಗೆ ಅಂತ ಇಪ್ಪತ್ತರ ಮೇಲೆ ಹೋತ ಕಟ್ಟಿದ್ದೆ. ಏಪ್ರಿಲ್ ಕೊನೇಲಿ ಪೂರ್ವ ಜಾವಾದ ಗ್ರೆಸಿಕ್, ಲಮೊಂಗನ್ ಕಡೆ ಕಾಲುಬಾಯಿ ಜ್ವರ ಕಾಣಿಸ್ಕೊಂಡ್ತು, ಈ ದೇಶದಲ್ಲಿ ಎಷ್ಟೋ ದಶಕದಿಂದ ಇಲ್ಲದಿದ್ದ ರೋಗ ಅದು. ನೋಡ್ತಾ ನೋಡ್ತಾ ಸಂತೆಗಳು ಮುಚ್ಚಿದ್ವು, ಜಕಾರ್ತ ಕಡೆ ಲಾರಿ ನಿಂತೋಯ್ತು, ಅಡ್ವಾನ್ಸ್ ಕೊಟ್ಟಿದ್ದ ದಲ್ಲಾಳಿ ಫೋನೇ ಎತ್ತಲಿಲ್ಲ. ನಮ್ಮ ಮೇಕೆಗಳಿಗೆ ರೋಗ ಬರಲಿಲ್ಲ ಆದ್ರೂ ಕೊಂಡ ರೇಟಿಗಿಂತ ಕಮ್ಮಿಗೆ ಅಕ್ಕಪಕ್ಕದ ಹಳ್ಳಿ ಮಸೀದಿಗಳಿಗೇ ಕೊಡಬೇಕಾಯ್ತು. ಏಳೆಂಟು ಜೂತಾ ಹೋಯ್ತು. ಆದ್ರೆ ಆ ಹಳ್ಳಿ ಮಸೀದಿ ಕಮಿಟಿಯೋರೇ ಇವತ್ತು ನನ್ನ ಖಾಯಂ ಗಿರಾಕಿಗಳು, ದಲ್ಲಾಳಿ ಕಾಟವೇ ಇಲ್ಲ.

ಈಗ ನಡೀತಿರೋ ಪದ್ಧತಿ ಗಡುಹ್. ಇಲ್ಲಿ ಹಳೇ ಕಾಲದಿಂದ ಇರೋದೇ, ನಮ್ಮಲ್ಲಿ ಪಾಲಿಗೆ ಸಾಕೋಕೆ ಬಿಡ್ತೀವಲ್ಲ ಹಂಗೆ. ಹೆಣ್ಣು ಮೇಕೆ ಆದ್ರೆ ಮರಿ ಅರ್ಧ ಅರ್ಧ, ಹೋತ ಆದ್ರೆ ಕೊಂಡ ಬೆಲೆ ತೆಗೆದು ಮಿಕ್ಕಿದ್ದು ಅರ್ಧ ಅರ್ಧ. ಸತ್ತರೆ ನಷ್ಟ ನಂದು, ಹುಷಾರಿಲ್ಲ ಅಂತ ತಕ್ಷಣ ಹೇಳಿರಬೇಕು ಅಷ್ಟೆ. ಹೊಟ್ಟೆ ಉಬ್ಬರ, ಕಜ್ಜಿ, ಮಳೆಗಾಲದ ಭೇದಿ ಈ ಮೂರೇ ದೊಡ್ಡ ಶತ್ರುಗಳು, ವರ್ಷಕ್ಕೆ ಎರಡೋ ಮೂರೋ ಹೋಗುತ್ತೆ.

ದುಡ್ಡಿರೋದು ಕೊಳ್ಳೋ ಟೈಮಲ್ಲಿ. ಇಲ್ಲಿ ಮೇಕೆ ಅಂದ್ರೆ ಬ್ಯಾಂಕ್, ಜುಲೈನಲ್ಲಿ ಸ್ಕೂಲ್ ಶುರು ಆಗುವಾಗ ಎಲ್ಲರೂ ಮಾರ್ತಾರೆ, ಆಮೇಲೆ ಒಣಗಾಲ ಬಂದು ಸೆಪ್ಟೆಂಬರ್ ಅಕ್ಟೋಬರಿಗೆ ಸೊಪ್ಪು ಸಿಗಲ್ಲ, ಆಗ್ಲೂ ಮಾರ್ತಾರೆ. ನಾನು ಒಣಗಾಲದ ಕೊನೇಲಿ ಏಳೆಂಟು ತಿಂಗಳ ಹೋತ ಒಂದೂವರೆಯಿಂದ ಒಂದು ಮುಕ್ಕಾಲು ಜೂತಾಗೆ ತಗೋತೀನಿ, ಮಳೆ ಬಿದ್ದು ಕಲಿಯಾಂದ್ರ, ಗ್ಲಿರಿಸಿಡಿಯಾ ಮೇವಿನ ಗಿಡ ಚಿಗುರಿದ್ಮೇಲೆ ಮೈ ತುಂಬ್ಕೊಳುತ್ತೆ, ಬಕ್ರೀದಿಗೆ ಮೂರು, ಮೂರೂಕಾಲು. ಔಷಧಿ ಖರ್ಚು ಕಳೆದು ಸಾಕಿದೋರಿಗೆ ಏಳು ಲಕ್ಷ ರುಪಿಯಾ, ನನಗೂ ಅಷ್ಟೇ. ಒಂದೂವರೆ ಹಾಕಿ ಏಳೆಂಟು ತಿಂಗಳಿಗೆ ಮುಕ್ಕಾಲು ಹತ್ರ ಬರೋದು ಯಾವ ಎಫ್‌ಡಿಲಿ ಬರುತ್ತೆ ಹೇಳಿ. ಈಗ ಸುಮಾರು ಮೂವತ್ತೈದು ಮೇಕೆ ಹತ್ತು ಮನೇಲಿ ಓಡ್ತಿವೆ.

ಒಂದು ಮನೆಗೆ ನಾಲ್ಕರ ಮೇಲೆ ಕೊಡಲ್ಲ, ಯಾರೆಷ್ಟು ಕೇಳಿದ್ರೂ. ಸೊಪ್ಪು ತಲೆ ಮೇಲೆ ಹೊತ್ತು ಗುಡ್ಡ ಹತ್ತಬೇಕು ಸ್ವಾಮಿ, ಐದನೇದು ಬಂದ್ರೆ ಐದೂ ಬಡಕಲಾಗುತ್ತೆ. ಜುಲೈನಲ್ಲಿ ಫೀಸಿಗೆ ಕಷ್ಟ ಅಂದೋರಿಗೆ ಮುಂದಿನ ಪಾಲಿನ ಮೇಲೆ ಬಡ್ಡಿ ಇಲ್ದೆ ಮುಂಗಡ ಕೊಡ್ತೀನಿ, ಅದಕ್ಕೇ ಹತ್ತು ಮನೇಲಿ ಒಬ್ಬರೂ ಬಿಟ್ಟು ಹೋಗಿಲ್ಲ.

ಕುರ್ಬಾನಿ ಮೇಕೆಗೆ ಬಾಯಿ ಬಿಡಿಸಿ ಕೆಳಗಿನ ಮುಂದಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದ್ಯಾ ನೋಡ್ತಾರೆ, ಬಂದಿರದಿದ್ರೆ ಎಷ್ಟೇ ದಪ್ಪ ಇದ್ರೂ ಬೇಡ ಅಂತಾರೆ. ಕುಂಟು, ಒಕ್ಕಣ್ಣು ನಡಿಯಲ್ಲ, ಕಿವಿ ಜಾಸ್ತಿ ಹರಿದಿದ್ರೂ ತಗೊಳಲ್ಲ. ನಮ್ಮ ಕಾಲಿಗೆಸಿಂಗ್ ಮೇಕೆಗೆ ಕಿವಿಯೇ ಒಂದು ಗೇಣಿನ ಮೇಲೆ ಜೋತಾಡ್ತಿರುತ್ತೆ, ಡಚ್ಚರ ಕಾಲದಲ್ಲಿ ನಮ್ಮ ಉತ್ತರ ಪ್ರದೇಶದ ಇಟಾವಾದಿಂದ ತಂದು ಇಲ್ಲಿನ ಕಾಚಾಂಗ್ ಮೇಕೆ ಜೊತೆ ಬೆರೆಸಿದ ತಳಿ ಇದು, ಪೆರನಾಕನ್ ಎತವಾ ಅಂತ ಹೆಸರೇ ಇದೆ. ಅಟ್ಟಣಿಗೆ ದೊಡ್ಡೀಲಿ ಮೇವು ತಿನ್ನೋಕೆ ತಲೆ ಹೊರಗೆ ಹಾಕೋ ಕಿಂಡಿಯ ಬಿದಿರು ಸೀಳು ಚೂಪಾಗಿದ್ರೆ ಕಿವಿ ಅಲ್ಲೇ ಸೀಳುತ್ತೆ. ಎಲ್ಲಾ ಮನೆ ಕಿಂಡಿಗೂ ಹಳೇ ಬೈಕ್ ಟ್ಯೂಬ್ ಸೀಳಿ ಸುತ್ತಿಸಿದೆ, ಕಾಸಿಲ್ಲದ ಕೆಲಸ, ಮೇಕೆಗೆ ಮೂರ್ನಾಲ್ಕು ಲಕ್ಷ ರುಪಿಯಾ ಉಳೀತು. ಮೇಕೆ ನೆಕ್ಕೋ ಉಪ್ಪಿನ ಗಡ್ಡೆಗೆ ನಾನೇನು ಬೆರೆಸ್ತೀನಿ ಅನ್ನೋದು ಮಾತ್ರ ಕೇಳ್ಬೇಡಿ, ಅದು ಮನೆ ಗುಟ್ಟು. ಸ್ಪರ್ಧೆ ಮೇಕೆ, ಒಂದೊಂದು ಹತ್ತಾರು ಜೂತಾದ್ದು, ಅದರ ತಂಟೆಗೂ ನಾನು ಹೋಗಲ್ಲ.

ಹಿಕ್ಕೆ ಅಟ್ಟದ ಕೆಳಗೆ ಬೀಳುತ್ತಲ್ಲ, ಅದಕ್ಕೂ ಮಾರ್ಕೆಟ್ ಇದೆ. ಇಲ್ಲಿ ಡುರಿಯನ್ ತೋಟ ಜಾಸ್ತಿ, ಮೂಟೆಗೆ ಹತ್ತು ಹದಿನೈದು ಸಾವಿರ ರುಪಿಯಾ, ಆ ದುಡ್ಡು ಪೂರ್ತಿ ಸಾಕೋರಿಗೇ ಬಿಟ್ಟಿದೀನಿ. ತೆಂಗಿನ ಕೆಳಗೆ ಕಪುಲಾಗನೂ ಹಾಕಿದೀನಿ, ಜಾವಾ ಏಲಕ್ಕಿ, ಬಿಳಿ ದುಂಡು ಕಾಯಿ. ನಮ್ಮ ಮಲೆನಾಡಿನ ಏಲಕ್ಕಿ ಘಮ ಇದಕ್ಕಿಲ್ಲ, ರೇಟಂತೂ ಒಂದು ವರ್ಷ ಇದ್ದಿದ್ದು ಇನ್ನೊಂದು ವರ್ಷಕ್ಕೆ ಅರ್ಧ. ಹಿಕ್ಕೆ ಗೊಬ್ಬರಕ್ಕೆ ಗಿಡ ಮಾತ್ರ ಸೊಂಟದ ಮೇಲೆ ಬಂದಿದೆ, ನೋಡೋಣ.

ಇರೋ ಖರ್ಚು ನಮ್ಮಿಬ್ಬರಿಗೆ ತಿಂಗಳಿಗೆ ನಾಲ್ಕು ಜೂತಾ ಒಳಗೆ. ಅದರಲ್ಲಿ ಊಟಕ್ಕಿಂತ ಮುಯ್ಯಿ ಖರ್ಚೇ ಹೆಚ್ಚು ಅನ್ಸುತ್ತೆ ಕೆಲವು ತಿಂಗಳು. ಜಾವಾ ಪಂಚಾಂಗದ ಬೆಸಾರ್ ತಿಂಗಳು ಬಂದ್ರೆ ವಾರಕ್ಕೆರಡು ಮದುವೆ, ಕವರಿಗೆ ಐವತ್ತು ಸಾವಿರ ರುಪಿಯಾ ಕಮ್ಮಿ ಇಲ್ಲ, ಮುಂದಿನ ಸುರೊ ತಿಂಗಳು ಮದುವೆ ಮಾಡಲ್ಲ ಅಂತ ಉಸಿರು ಬಿಡ್ತೀವಿ. ಇದನ್ನ ಖರ್ಚು ಅಂತ ಬರೀಬೇಡಿ, ಬಂಡವಾಳದಲ್ಲಿ ಬರೀರಿ. ರೋಂಡಾ ಅನ್ನೋ ರಾತ್ರಿ ಕಾವಲಿಗೆ, ಕೆರ್ಜಾ ಬಕ್ತಿ ಅನ್ನೋ ಊರೊಟ್ಟಿನ ಶ್ರಮದಾನಕ್ಕೆ ನಾನೇ ಹೋಗ್ತೀನಿ, ಬದಲಿ ದುಡ್ಡು ಕೊಟ್ಟು ತಪ್ಪಿಸ್ಕೊಳಲ್ಲ. ಪಕ್ಕದ ಮನೆ ಪಾಕ್ದೆ (ದೊಡ್ಡಪ್ಪ) ರಾತ್ರಿ ಎರಡು ಗಂಟೆಗೆ "ಮಾಸ್ (ಅಣ್ಣ), ನಿಮ್ಮ ಮೇಕೆ ಹೊಟ್ಟೆ ಉಬ್ಬಿದೆ" ಅಂತ ಬಾಗಿಲು ಬಡಿಯೋದು ಇದರಿಂದಾನೇ.

ಓಡಾಟಕ್ಕೆ ಗೇರ್ ಬೈಕೇ ತಗೊಳಿ. ಮೆನೊರೆ ಇಳಿಜಾರಲ್ಲಿ ಆಟೋಮ್ಯಾಟಿಕ್ ಸ್ಕೂಟರ್ ಬ್ರೇಕ್ ಬಿಸಿಯಾಗಿ ಹಿಡಿಯೋದೇ ಇಲ್ಲ. ಯೋಗ್ಯಕರ್ತಕ್ಕೆ ಕುತೊಅರ್ಜೊ ಸ್ಟೇಷನ್ನಿಂದ ಪ್ರಮೆಕ್ಸ್ ಅನ್ನೋ ಲೋಕಲ್ ರೈಲು, ಎಂಟು ಸಾವಿರ ರುಪಿಯಾ ಟಿಕೆಟ್, ಹಬ್ಬದ ದಿನಗಳಲ್ಲಿ ಮುಂಚೇನೇ ಬುಕ್ ಮಾಡ್ಬೇಕು. ಕುಲೊನ್ ಪ್ರೊಗೊ ಏರ್‌ಪೋರ್ಟ್ ಬಂದ್ಮೇಲೆ ನಮ್ಗೆ ವಿಮಾನ ಹತ್ರ ಆಯ್ತು, ಬೆಂಗಳೂರಿಂದ ಬಾಲಿಗೆ ಡೈರೆಕ್ಟ್ ಫ್ಲೈಟ್ 2024ರಿಂದ ಇದೆ, ಅಮ್ಮ ಬಂದಾಗ ಹಂಗೇ ಬಂದಿದ್ದು.

ಬಕ್ರೀದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಜರುಗುತ್ತಲ್ಲ, 2023ರಲ್ಲಿ ಜೂನ್ ಕೊನೆ ಇತ್ತು, 2025ರಲ್ಲಿ ಜೂನ್ 6, 2026ಕ್ಕೆ ಮೇ ಕೊನೇ ವಾರ. ಹಂಗಾಗಿ ಕೊಳ್ಳೋದನ್ನೂ ಒಂದು ತಿಂಗಳು ಹಿಂದಕ್ಕೆ ತಂದು ಸೆಪ್ಟೆಂಬರಿಗೆ ಇಟ್ಕೊಂಡಿದೀನಿ, ಹಂಗೆ ಹಿಂದಕ್ಕೆ ತರದಿದ್ರೆ ಮರಿ ವಯಸ್ಸು ಒಂದು ತಿಂಗಳು ಜಾಸ್ತಿ ನೋಡಿ ತಗೋಬೇಕು, ಇಲ್ಲಾಂದ್ರೆ ಹಲ್ಲು ಬರಲ್ಲ.