ಶನಿವಾರ ರಾತ್ರಿ ಪಾಪದ ಲೆಕ್ಕ ನೋಡುವುದು ಹೇಗೆ

ಫೋನ್ ಪಕ್ಕಕ್ಕಿಟ್ಟು ಬೈಬಲಿನ ವಿಮೋಚನಕಾಂಡ 20ನೇ ಅಧ್ಯಾಯ ತೆರೆಯಿರಿ. ಹತ್ತು ಆಜ್ಞೆಗಳನ್ನು ಒಂದೊಂದಾಗಿ, ನಿಧಾನವಾಗಿ ಓದಿ. 'ಕದಿಯಬಾರದು' ಅನ್ನೋದನ್ನು ನಾನು ಸುಮ್ನೆ ದಾಟಿಬಿಡುತ್ತಿದ್ದೆ. ನಾನೇನು ಕಳ್ಳನಲ್ಲ ಅಲ್ವಾ? ಒಂದು ರಾತ್ರಿ ಕೋಲಾರದ ಎಪಿಎಂಸಿಗೆ ಕಳಿಸಿದ್ದ ಟೊಮೆಟೊ ಕ್ರೇಟ್ ನೆನಪಾಯಿತು. ಮೇಲೆ ಒಳ್ಳೆ ಹಣ್ಣು, ಅಡಿಯಲ್ಲಿ ಕೊಳೆತದ್ದು. ನೀವೂ ನಿಮ್ಮ ದುಡಿಮೆಯ ಜಾಗದಲ್ಲೇ ಹುಡುಕಿ.

'ತಪ್ಪಾಗಿರಬಹುದು' ಅನ್ನಬೇಡಿ. ಏನು ಮಾಡಿದಿರೋ ಅದನ್ನೇ ದೇವರಿಗೆ ಬಿಡಿಸಿ ಹೇಳಿ. ಆಜ್ಞೆಗಳಿಂದ ಪಾಪದ ಅರಿವು ಬರುತ್ತದೆ ಅಷ್ಟೇ, ರೋಮಾಪುರದವರಿಗೆ ಬರೆದ ಪತ್ರ 3:20 ನೋಡಿ. ರಕ್ಷಣೆ ಯೇಸುವಿನ ಕೃಪೆಯಿಂದ. ನಂಬಿ ಕ್ಷಮೆ ಕೇಳಿ.

ಸೋಮವಾರ ನಷ್ಟ ತುಂಬಿಕೊಡಿ. ಬೈಬಲಿನಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದು ಯೇಸುವಿಗೆ ಹೇಳಿದನಲ್ಲ! ನಾನು ಮಂಡಿಗೆ ಹೋಗಿ ಆ ವ್ಯಾಪಾರಿಗೆ ದುಡ್ಡು ವಾಪಸ್ ಕೊಟ್ಟೆ. ಬಾಯಿ ಒಣಗಿತ್ತು.