ಎಪ್ಪತ್ತಕ್ಕೆ ಒಲಿಂಪಿಕ್ಸ್ ಇಲ್ಲ

ನಮ್ಮೂರ ಜಾತ್ರೆ ಕುಸ್ತಿಯಲ್ಲಿ ತೂಕದ ಮಷಿನ್ನೇ ಇರಲಿಲ್ಲ. ಹಿರಿಯ ಪೈಲ್ವಾನರು ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಹೆಗಲು ತೊಡೆ ನೋಡಿ ಜೋಡಿ ಕಟ್ಟುತ್ತಿದ್ದರು. ಒಬ್ಬ ಐದು ಕೆ.ಜಿ. ಜಾಸ್ತಿ ಇದ್ದರೂ ಯಾರೂ ಕೇಳುತ್ತಿರಲಿಲ್ಲ. ಗರಡಿ ಮಣ್ಣಿನಿಂದ ಮ್ಯಾಟಿಗೆ ಬಂದ ಮೇಲೆ ಪಟ್ಟುಗಳಿಗಿಂತ ಹೆಚ್ಚು ಕಾಟ ಕೊಟ್ಟದ್ದು ಆ ಮಷಿನ್ನೇ.

ಫ್ರೀಸ್ಟೈಲ್ 70 ಕೆ.ಜಿ.ಯಲ್ಲಿ ರಾಜ್ಯ ಮಟ್ಟದ ಪದಕ ಬಂತು. ಎದೆಯುಬ್ಬಿಸಿಕೊಂಡು ಕೋಚ್ ಮುಂದೆ ನಿಂತರೆ, "ತಮ್ಮಾ, ಎಪ್ಪತ್ತಕ್ಕೆ ಒಲಿಂಪಿಕ್ಸ್ ಇಲ್ಲ ಕಣೋ" ಅಂದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರ ಫ್ರೀಸ್ಟೈಲಿಗೆ ಹತ್ತು ತೂಕಗಳಿವೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದ್ದದ್ದು ಆರೇ: 57, 65, 74, 86, 97, 125. ನಡುವೆ ಸಿಕ್ಕವನು ಇಳಿಯಬೇಕು, ಇಲ್ಲಾ ಏರಬೇಕು.

ನಾನು ಇಳಿದೆ. ಮೊದಲ ಮೂರು ಕೆ.ಜಿ. ಅನ್ನ, ಎಣ್ಣೆ, ಸಕ್ಕರೆ ಬಿಟ್ಟರೆ ಹೋಗುತ್ತದೆ. ಕೊನೆಯ ಎರಡು ಬರೀ ನೀರು. ಹಿಂದಿನ ರಾತ್ರಿ ಪ್ಲಾಸ್ಟಿಕ್ ಸೂಟಿನ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಓಡಿದೆ. ಬೆವರು ನಿಂತ ಮೇಲೆ ನಿಂಬೆಹಣ್ಣು ಬಾಯಲ್ಲಿಟ್ಟುಕೊಂಡು ಉಗುಳುತ್ತಾ ಕೂತೆ. (ನನ್ನ ಹುಡುಗರಿಗೆ ಈಗ ಇದನ್ನೆಲ್ಲ ಮಾಡಲು ಬಿಡುವುದಿಲ್ಲ.) ಬೆಳಿಗ್ಗೆ 64.9 ತೋರಿಸಿತು. ಮೊದಲ ಕುಸ್ತಿ ಹೇಗೋ ಗೆದ್ದೆ. ಎರಡನೆಯದರಲ್ಲಿ, ಆರು ನಿಮಿಷದ ಆಟದ ನಾಲ್ಕನೇ ನಿಮಿಷಕ್ಕೆ ಎರಡೂ ಮೀನಖಂಡ ಹಿಡಿದುಕೊಂಡವು. ಎದುರಾಳಿ ಕಾಲಿಗೆ ನುಗ್ಗಿದಾಗ ಹಿಂದೆ ಸರಿಯುವುದಕ್ಕೂ ಆಗಲಿಲ್ಲ. ಮರುವರ್ಷ 74ಕ್ಕೆ ಏರಿದೆ. ಅಲ್ಲಿ ಎಂಬತ್ತರಿಂದ ಇಳಿದು ಬಂದವರು ನನ್ನನ್ನು ಭತ್ತದ ಮೂಟೆಯಂತೆ ಎತ್ತಿ ಹಾಕಿದರು. ನನ್ನ ದಾರಿ ಅಲ್ಲಿಗೇ ನಿಂತಿತು.

ಮುಂದಿನ ದಾರಿ ಎಷ್ಟು ಕಿರಿದು ಅಂತ ಪೂರ್ತಿ ಗೊತ್ತಾದದ್ದು ಕೋಚ್ ಆದ ಮೇಲೆ. ಪ್ಯಾರಿಸ್‌ಗೆ ಒಂದೊಂದು ತೂಕಕ್ಕೆ 16 ಜನ. ಐದು ಕೋಟಾ, ಅಂದರೆ ಒಲಿಂಪಿಕ್ಸ್‌ನಲ್ಲಿ ಆಡುವ ಜಾಗ, 2023ರ ಬೆಲ್‌ಗ್ರೇಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ಹೋಯಿತು. ನಾಲ್ಕು ಖಂಡವಾರು ಟೂರ್ನಿಗಳಿಗೆ ತಲಾ ಎರಡು; ಏಷ್ಯಾದ್ದು 2024ರ ಏಪ್ರಿಲ್‌ನಲ್ಲಿ ಬಿಷ್ಕೆಕ್‌ನಲ್ಲಿ ನಡೆಯಿತು. ಅಲ್ಲಿ ಸೆಮಿಫೈನಲ್ಲೇ ಫೈನಲ್ ಇದ್ದ ಹಾಗೆ, ಗೆದ್ದರೆ ಕೋಟಾ. ಉಳಿದ ಮೂರಕ್ಕೆ ಮೇ ತಿಂಗಳಲ್ಲಿ ಇಸ್ತಾಂಬುಲ್. ನಮ್ಮ ಪೈಲ್ವಾನರಾದ ದೀಪಕ್ ಪುನಿಯಾ ಮತ್ತು ಸುಜೀತ್ ದುಬೈ ಮಳೆಗೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು, ಬಿಷ್ಕೆಕ್‌ನಲ್ಲಿ ತೂಕದ ಹೊತ್ತಿಗೆ ಮುಟ್ಟಲಿಲ್ಲ. ಅಷ್ಟಕ್ಕೇ ಅಲ್ಲಿನ ಅವಕಾಶ ಹೋಯಿತು. ಕೊನೆಗೆ ನಮ್ಮ ಗಂಡಸರಲ್ಲಿ ಪ್ಯಾರಿಸ್‌ಗೆ ಹೋದದ್ದು ಅಮನ್ ಸೆಹ್ರಾವತ್ ಒಬ್ಬರೇ, ಅದೂ ಇಸ್ತಾಂಬುಲ್‌ನಲ್ಲಿ ಗೆದ್ದು. ಕಂಚು ತಂದರು.

ಇನ್ನೊಂದು ವಿಷಯ: ಕೋಟಾ ಗೆದ್ದವರ ಸ್ವಂತದ್ದಲ್ಲ, ದೇಶದ್ದು. ಒಂದು ತೂಕಕ್ಕೆ ದೇಶಕ್ಕೆ ಒಂದೇ. ಹೆಂಗಸರ 53 ಕೆ.ಜಿ.ಯದ್ದನ್ನು ಅಂತಿಮ್ ಪಂಘಾಲ್ ಬೆಲ್‌ಗ್ರೇಡ್‌ನಲ್ಲೇ ಗೆದ್ದುಬಿಟ್ಟಿದ್ದರು. ಅದೇ ತೂಕದ ವಿನೇಶ್ ಫೋಗಟ್ 50ಕ್ಕೆ ಇಳಿದು, ಬಿಷ್ಕೆಕ್‌ನಲ್ಲಿ ಕೋಟಾ ಗೆದ್ದು, ಪ್ಯಾರಿಸ್‌ನಲ್ಲಿ ಫೈನಲ್ ತಲುಪಿದರು. ಎರಡನೇ ದಿನ ಬೆಳಿಗ್ಗೆ ಮತ್ತೆ ತೂಗುತ್ತಾರೆ, ರಿಯಾಯಿತಿ ಇಲ್ಲ. 100 ಗ್ರಾಂ ಜಾಸ್ತಿ ಬಂತು. "ಕೂದಲಾದರೂ ಕತ್ತರಿಸಬಾರದಿತ್ತಾ" ಅಂತ ಚಹಾ ಅಂಗಡಿಯಲ್ಲಿ ಒಬ್ಬರು ಕೇಳಿದರು. ಕತ್ತರಿಸಿದ್ದರು ಸ್ವಾಮಿ. ಟಿ.ವಿ. ಮುಂದೆ ಕೂತಿದ್ದ ನನಗೆ ಮೀನಖಂಡ ಮತ್ತೆ ಹಿಡಿದುಕೊಂಡ ಹಾಗಾಯಿತು.

ಮೊನ್ನೆ ಒಬ್ಬ ಹುಡುಗ ಬಂದು ಕೇಳಿದ: "ಸಾರ್, ನಾನು ಒಲಿಂಪಿಕ್ಸ್‌ಗೆ ಯಾವ ತೂಕ ಆಡ್ಲಿ?" ಮಷಿನ್ ಮೇಲೆ ನಿಲ್ಲಿಸಿದೆ. ಸರಿಯಾಗಿ 61. ಅದೂ ಒಲಿಂಪಿಕ್ಸ್‌ನಲ್ಲಿಲ್ಲದ ತೂಕವೇ. ಐವತ್ತೇಳಕ್ಕೆ ಇಳಿಯಲಾ ಅಂದ. ವಯಸ್ಸೆಷ್ಟೋ ಅಂದೆ. ಹದಿನೇಳು.

"ಮೊದಲು ಹೋಗಿ ಊಟ ಮಾಡು."