ಸಂಗಾತಿ ಜೊತೆ ಬ್ಯಾಂಕಿಗೆ ಹೋಗುವ ಮುಂಚೆ

ನಾವು ಕ್ವಿಯರ್ ಜೋಡಿ, ಅಂದರೆ ಗಂಡು-ಹೆಣ್ಣಿನ ಮಾಮೂಲಿ ಚೌಕಟ್ಟಿಗೆ ಸೇರದವರು. ಮೊದಲ ಸಲ ನಾವಿಬ್ಬರೂ ಜಾಯಿಂಟ್ ಅಕೌಂಟ್ ಕೇಳಲು ಹೋದಾಗ ಕೌಂಟರಿನಲ್ಲಿದ್ದವರು, "ನೀವಿಬ್ರೂ ಏನಾಗ್ಬೇಕು?" ಅಂತ ಕೇಳಿದರು. "ಪಾರ್ಟ್‌ನರ್ಸ್" ಅಂದೆ. ಅವರು ಕರೆಂಟ್ ಅಕೌಂಟಿನ ಫಾರಂ ತೆಗೆದುಕೊಟ್ಟರು. ಅಂಗಡಿ ಇಡ್ತೀವಿ ಅಂದುಕೊಂಡಿರಬೇಕು. ವಿವರಿಸಿದ ಮೇಲೆ, "ಮ್ಯಾನೇಜರ್ ರಜೆ, ಆಮೇಲೆ ಬನ್ನಿ" ಅಂದರು.

ಆ ಸಲ ನಾವು ಬರಿಗೈಲಿ ಹೋಗಿದ್ದೆವು. ನೀವು ಹಾಗೆ ಹೋಗಬೇಡಿ. ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಹೊರಡಿಸಿದ ಸ್ಪಷ್ಟನೆಯನ್ನು ಪ್ರಿಂಟ್ ತೆಗೆದುಕೊಳ್ಳಿ. ಕ್ವಿಯರ್ ಸಮುದಾಯದವರು ಜಾಯಿಂಟ್ ಅಕೌಂಟ್ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ ಅದರಲ್ಲಿದೆ. ಎರಡು ಪ್ರತಿ ಇರಲಿ, ಒಂದನ್ನು ಅವರಿಗೇ ಕೊಟ್ಟುಬಿಡಿ. ಫೋನಿನಲ್ಲಿ ತೋರಿಸಿದರೆ ಯಾರೂ ಓದುವುದಿಲ್ಲ.

ಈ ಹಾಳೆ ಸುಮ್ನೆ ಬಂದದ್ದಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ವಿರುದ್ಧ ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಗೆದ್ದೆವು. 2022ರಲ್ಲಿ ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ, ಅಭಯ್ ಡಾಂಗ್ ಮದುವೆಯ ಹಕ್ಕು ಕೇಳಿ ಸುಪ್ರೀಂ ಕೋರ್ಟಿಗೆ ಹೋದರು. ಬೇರೆ ಜೋಡಿಗಳೂ ಅರ್ಜಿ ಹಾಕಿದರು. 2023ರ ಅಕ್ಟೋಬರ್ 17ರಂದು ಕೋರ್ಟು ಮದುವೆಗೆ ಒಪ್ಪಲಿಲ್ಲ. ಆ ದಿನ ನಮ್ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆದರೆ ಅದೇ ಕೇಸಿನಿಂದ ನಮ್ಮಂಥವರ ಹಕ್ಕುಗಳನ್ನು ನೋಡಲು ಕ್ಯಾಬಿನೆಟ್ ಕಾರ್ಯದರ್ಶಿಯ ಸಮಿತಿ ಹುಟ್ಟಿತು, ಅದರ ಬೆನ್ನಿಗೇ ಈ ಸ್ಪಷ್ಟನೆ ಬಂತು. ಸೋತ ಕೇಸಿನ ಬಡ್ಡಿ ಅಂತ ನನ್ನವಳು ತಮಾಷೆ ಮಾಡ್ತಾಳೆ. ರೇಷನ್ ಕಾರ್ಡಿನಲ್ಲಿ ಜೋಡಿಯನ್ನು ಒಂದೇ ಮನೆಯವರೆಂದು ನೋಡಬೇಕು ಅಂತಲೂ ಅದೇ ಸುಮಾರಿಗೆ ಕೇಂದ್ರ ಹೇಳಿತು.

ಕೌಂಟರಿನಲ್ಲಿ ಆಗಲ್ಲ ಅಂದರೆ ಜಗಳ ಬೇಡ. "ಅದನ್ನೇ ಬರೆದು ಕೊಡಿ ಸರ್" ಅನ್ನಿ. ನಮಗೆ ಎರಡನೇ ಸಲ ಕೆಲಸ ಮಾಡಿದ್ದು ಈ ಒಂದೇ ಮಾತು. ಬರೆಯಲು ಯಾರಿಗೂ ಮನಸ್ಸಿರಲ್ಲ, ಫಾರಂ ತಾನೇ ಹೊರಗೆ ಬಂತು. ಬರೆದುಕೊಡದಿದ್ದರೆ ನೀವೇ ಒಂದು ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಫಾರಂನಲ್ಲಿ 'ಐದರ್ ಆರ್ ಸರ್ವೈವರ್' ಅನ್ನೋದಕ್ಕೆ ಟಿಕ್ ಹಾಕಿ. ಒಬ್ಬರು ಹೋದರೂ ಇನ್ನೊಬ್ಬರು ಖಾತೆ ನಡೆಸಬಹುದು. ನಿಮ್ಮ ಹಳೆಯ ಒಂಟಿ ಖಾತೆ, ಎಫ್‌ಡಿಗಳಿಗೂ ನಾಮಿನಿ ಬದಲಿಸಿ. ನನ್ನದರಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು!

ಜಾಸ್ತಿ ಜನ ಎಡವೋದು ಇಲ್ಲಿ: ನಾಮಿನಿ ಅಂದರೆ ದುಡ್ಡು ಕೈಗೆ ಪಡೆಯುವವರು ಅಷ್ಟೇ, ಒಡೆಯರಲ್ಲ. ನಾಳೆ ಅಣ್ಣತಮ್ಮಂದಿರು ಬಂದು ಪಾಲು ಕೇಳಬಹುದು. ಅದಕ್ಕೆ ವಿಲ್ ಬೇಕೇ ಬೇಕು. ಇಬ್ಬರು ಸಾಕ್ಷಿಗಳ ಸಹಿ ಸಾಕು, ಆದರೆ ವಿಲ್‌ನಲ್ಲಿ ಪಾಲು ಇಲ್ಲದವರನ್ನೇ ಕರೆಯಿರಿ. ರಿಜಿಸ್ಟರ್ ಕಡ್ಡಾಯವಲ್ಲ. ನಾವು ಮಾತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಧ ದಿನ ಕೂತು ಮಾಡಿಸಿದೆವು. ಮನೆಯವರ ಸ್ವಭಾವ ನಮಗೆ ಗೊತ್ತು.

ಇನ್ನೊಂದು. ನಾಮಿನಿ ಫಾರಂನಲ್ಲಿ 'ಸಂಬಂಧ' ಅನ್ನೋ ಜಾಗವನ್ನು ನೀವೇ ತುಂಬಿ. ಬ್ಯಾಂಕಿನವರ ಕೈಗೆ ಬಿಟ್ಟರೆ 'ಫ್ರೆಂಡ್' ಅಂತ ಬರೆದುಬಿಡ್ತಾರೆ. ನನ್ನದರಲ್ಲಿ ಹಾಗೇ ಆಗಿತ್ತು, ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, 'ಸಂಗಾತಿ' ಅಂತ ಬರೆದೆ.